ಎಡ್ವರ್ಡ್ ಹಾರ್ಟ್ಲಿ ಆಂಗಲ್

ಎಡ್ವರ್ಡ್ ಹಾರ್ಟ್ಲಿ ಆಂಗಲ್ (ಜೂನ್ 1, 1855 – ಆಗಸ್ಟ್ 11, 1930) ಅಮೆರಿಕದ ದಂತವೈದ್ಯರು, ಅಧ್ಯಾಪಕರು ಹಾಗೂ ದಂತೋಪಕರಣಗಳ ನಿರ್ಮಾತೃ. ಆರ್ಥೊಡಾಂಟಿಕ್ಸ್ ಎಂದು ಕರೆಯಲಾಗುವ ವಕ್ರದಂತ ಚಿಕಿತ್ಸೆಯನ್ನು ದಂತವೈದ್ಯದ ಒಂದು ಸ್ವತಂತ್ರ ಶಾಖೆಯನ್ನಾಗಿ ರೂಪಿಸಿದವರಲ್ಲಿ ಇವರು ಅಗ್ರಗಣ್ಯರು. ನಮ್ಮಲ್ಲಿ ಹಲ್ಲಿಗೆ ಕ್ಲಿಪ್ ಹಾಕಿಸುವುದು ಎಂದು ಆಡುಮಾತಿನಲ್ಲಿ ಹೇಳುವ ಲೋಹದ ಉಪಕರಣದ ಮೂಲ ವಿನ್ಯಾಸ, ಎಂದರೆ ಪ್ರತಿ ಹಲ್ಲಿಗೂ ಒಂದು ಬ್ರಾಕೆಟ್, ಅದರ ನಡುವಿನ ಅಡ್ಡ ಸೀಳಿನಲ್ಲಿ ಕೂರುವ ಆಯತಾಕಾರದ ತಂತಿ, ಇವರ ಕೊನೆಯ ಹಾಗೂ ಅತ್ಯಂತ ಪ್ರಬುದ್ಧ ಆವಿಷ್ಕಾರ. ಹಲ್ಲುಗಳ ತಪ್ಪು ಜೋಡಣೆಯನ್ನು ಮೂರು ವರ್ಗಗಳಾಗಿ ವಿಂಗಡಿಸಿದ ಇವರ ಪದ್ಧತಿ 1899ರಲ್ಲಿ ಪ್ರಕಟವಾಗಿ ಇಂದಿಗೂ ಬಳಕೆಯಲ್ಲಿದೆ. ಆಂಗಲ್ ವರ್ಗೀಕರಣ ಎಂಬ ಹೆಸರು ಕೋನ ಎಂಬ ಅರ್ಥದ ಇಂಗ್ಲಿಷ್ ಪದದಿಂದ ಬಂದುದಲ್ಲ, ಇವರ ಮನೆತನದ ಹೆಸರಿನಿಂದ ಬಂದುದು. ಹೊಸದಾಗಿ ಓದುವವರಲ್ಲಿ ಈ ಗೊಂದಲ ಸಹಜ.

ಹಿನ್ನೆಲೆ

ವಕ್ರವಾದ ಹಲ್ಲುಗಳನ್ನು ನೇರಗೊಳಿಸುವ ಪ್ರಯತ್ನ ಆಂಗಲ್ ಅವರಿಂದ ಆರಂಭವಾದುದಲ್ಲ. ಫ್ರಾನ್ಸಿನ ಪಿಯರ್ ಫೊಶಾರ್ 1728ರಲ್ಲಿ ಪ್ರಕಟಿಸಿದ ದಂತಶಾಸ್ತ್ರದ ಗ್ರಂಥದಲ್ಲಿಯೇ ಲೋಹದ ಬಾಗಿದ ಪಟ್ಟಿಯೊಂದಕ್ಕೆ ಹಲ್ಲುಗಳನ್ನು ದಾರದಿಂದ ಬಿಗಿದು ಸಾಲಿಗೆ ತರುವ ವಿಧಾನವಿದೆ. ಅಮೆರಿಕದಲ್ಲಿ ನಾರ್ಮನ್ ಕಿಂಗ್ಸ್ಲಿ 1880ರಲ್ಲಿ ಬಾಯಿಯ ವಿಕೃತಿಗಳ ಕುರಿತು ಮಹತ್ವದ ಗ್ರಂಥವನ್ನು ಹೊರತಂದಿದ್ದರು. ಆದರೆ ಈ ಕೆಲಸಕ್ಕೆ ಒಂದು ಶಾಸ್ತ್ರವಾಗಲಿ, ಒಪ್ಪಿತ ಪರಿಭಾಷೆಯಾಗಲಿ, ಸಿದ್ಧ ಉಪಕರಣಗಳಾಗಲಿ ಇರಲಿಲ್ಲ. ಪ್ರತಿಯೊಬ್ಬ ವೈದ್ಯನೂ ರೋಗಿಯಿಂದ ರೋಗಿಗೆ ಹೊಸ ಸಲಕರಣೆಯನ್ನು ತಾನೇ ಕಲ್ಪಿಸಿ, ತಾನೇ ಬೆಸೆದು, ಅದು ಫಲಿಸಿದರೆ ಫಲಿಸಿತು ಎಂಬಂತೆ ಕೆಲಸ ಮಾಡುತ್ತಿದ್ದನು. ಜಾಗ ಸಾಲದಿದ್ದರೆ ಒಂದೆರಡು ಹಲ್ಲುಗಳನ್ನು ಕಿತ್ತುಹಾಕುವುದು ವಾಡಿಕೆಯಾಗಿತ್ತು. ಮೇಲಿನ ಹಲ್ಲುಸಾಲು ಕೆಳಗಿನ ಸಾಲಿನೊಡನೆ ಹೇಗೆ ಕೂಡುತ್ತದೆ ಎಂಬುದಕ್ಕಿಂತ, ಎದುರಿನಿಂದ ನೋಡಿದಾಗ ಮುಂಬಾಯಿ ನೇರವಾಗಿ ಕಾಣುತ್ತದೆಯೇ ಎಂಬುದೇ ಮುಖ್ಯವಾಗಿತ್ತು.

ಜನನ ಮತ್ತು ಶಿಕ್ಷಣ

ಆಂಗಲ್ ಪೆನ್ಸಿಲ್ವೇನಿಯಾ ರಾಜ್ಯದ ಬ್ರಾಡ್‌ಫರ್ಡ್ ಕೌಂಟಿಯ ಹೆರಿಕ್ ಎಂಬಲ್ಲಿ ಕೃಷಿಕ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಫಿಲಿಪ್, ತಾಯಿ ಇಸಬೆಲ್. ಏಳು ಮಕ್ಕಳಲ್ಲಿ ಇವರು ಐದನೆಯವರು. ಶಾಲೆಯ ಪಾಠಗಳಿಗಿಂತ ಹೊಲಮನೆಯ ಸಲಕರಣೆಗಳನ್ನು ಬಿಚ್ಚಿ ಜೋಡಿಸುವುದರಲ್ಲಿ ಬಾಲಕನಿಗೆ ಆಸಕ್ತಿ ಹೆಚ್ಚು. ಕೈಚಳಕವಿರುವ ಮಗನಿಗೆ ದಂತವೈದ್ಯ ವೃತ್ತಿ ಹೊಂದುತ್ತದೆಂದು ತಾಯಿಗೆ ತೋರಿತು. ಅವರ ಒತ್ತಾಸೆಯಿಂದ ಹತ್ತಿರದ ಊರಿನ ದಂತವೈದ್ಯರೊಬ್ಬರ ಬಳಿ ಕೆಲಸ ಕಲಿಯಲು ಸೇರಿದ ಆಂಗಲ್, ಬಳಿಕ ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ದಂತ ಶಸ್ತ್ರಚಿಕಿತ್ಸಾ ಕಾಲೇಜಿನಲ್ಲಿ ಓದಿ 1878ರಲ್ಲಿ ಪದವಿ ಪಡೆದರು.

ಪೆನ್ಸಿಲ್ವೇನಿಯಾದ ಟೊವಾಂಡ ಪಟ್ಟಣದಲ್ಲಿ ವೃತ್ತಿ ಆರಂಭಿಸಿದ ಕೆಲವೇ ವರ್ಷಗಳಲ್ಲಿ ಶ್ವಾಸಕೋಶದ ಕಾಯಿಲೆ ಕಾಡಿತು. ಹವೆ ಬದಲಾವಣೆಗಾಗಿ ಪಶ್ಚಿಮದತ್ತ ಹೊರಟು ಮಿನ್ಯಾಪೊಲಿಸ್ ನಗರ ಸೇರಿದರು. ಅಲ್ಲಿಂದ ಮೊಂಟಾನಾ ಪ್ರದೇಶಕ್ಕೆ ಹೋಗಿ ಕುರಿ ಸಾಕಣೆಗೂ ಕೈಹಾಕಿದರು. ಕಠೋರವಾದ ಚಳಿಗಾಲದ ಹಿಮಬಿರುಗಾಳಿ ಕುರಿಮಂದೆಯನ್ನೂ ಅದರಲ್ಲಿ ತೊಡಗಿಸಿದ ಹಣವನ್ನೂ ನುಂಗಿತು. ಬರಿಗೈಯಲ್ಲಿ ಮಿನ್ಯಾಪೊಲಿಸ್‌ಗೆ ಮರಳಿದ ಅವರು ಮತ್ತೆ ಹಲ್ಲಿನ ಕೆಲಸವನ್ನೇ ಹಿಡಿಯಬೇಕಾಯಿತು. ಆ ಕುರಿಗಳು ಬದುಕಿದ್ದರೆ ದಂತವೈದ್ಯದ ಚರಿತ್ರೆ ಬೇರೆಯಾಗುತ್ತಿತ್ತೇನೋ.

ಮಿನೆಸೋಟಾದ ವರ್ಷಗಳು

1880ರ ದಶಕದ ಮಧ್ಯಭಾಗದಲ್ಲಿ ಆಂಗಲ್ ಮಿನ್ಯಾಪೊಲಿಸ್‌ನಲ್ಲಿ ಅಧ್ಯಾಪಕ ವೃತ್ತಿಗೆ ಪ್ರವೇಶಿಸಿ, ಮುಂದೆ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಅಂಗಾಂಶಶಾಸ್ತ್ರ ಹಾಗೂ ವಕ್ರದಂತ ಚಿಕಿತ್ಸೆಯನ್ನು ಬೋಧಿಸಿದರು. 1887ರಲ್ಲಿ ವಾಷಿಂಗ್ಟನ್ ನಗರದಲ್ಲಿ ನಡೆದ ಒಂಬತ್ತನೆಯ ಅಂತರರಾಷ್ಟ್ರೀಯ ವೈದ್ಯಕೀಯ ಸಮ್ಮೇಳನದಲ್ಲಿ, ಹಲ್ಲುಗಳನ್ನು ಸರಿಸಿ ಹೊಸ ಸ್ಥಾನದಲ್ಲಿ ನಿಲ್ಲಿಸುವ ತಮ್ಮ ಪದ್ಧತಿಯನ್ನು ಮಂಡಿಸಿದರು. ಆಗ ಅವರಿಗೆ 32 ವರ್ಷ. ಹಿರಿಯರು ಅದನ್ನು ಆದರದಿಂದ ಸ್ವೀಕರಿಸಲಿಲ್ಲ. ತೋರಿಸಿದ ಸಲಕರಣೆಗಳಲ್ಲಿ ಹೊಸದೇನಿದೆ, ಇವು ಮೊದಲೇ ಬೇರೆಯವರ ಬಳಿ ಇದ್ದುವಲ್ಲವೇ ಎಂಬ ಆಕ್ಷೇಪಗಳು ಎದ್ದವು. ಆಕ್ಷೇಪದಲ್ಲಿ ಅರ್ಧ ಸತ್ಯವಿತ್ತು. ತಿರುಪು, ಪಟ್ಟಿ, ತಂತಿ ಯಾವುದೂ ಹೊಸದಾಗಿರಲಿಲ್ಲ. ಹೊಸದಾಗಿದ್ದುದು ಅವುಗಳನ್ನು ಒಂದು ವ್ಯವಸ್ಥೆಯಾಗಿ ಕಂಡ ಬಗೆ.

ಕೆಲವೇ ಬಿಡಿಭಾಗಗಳನ್ನು ಒಂದೇ ಅಳತೆಯಲ್ಲಿ ಕಾರ್ಖಾನೆಯಲ್ಲಿ ತಯಾರಿಸಿ, ಅವನ್ನೇ ಬೇರೆ ಬೇರೆ ಬಗೆಯಲ್ಲಿ ಜೋಡಿಸಿ ನಾನಾ ಬಗೆಯ ವಕ್ರತೆಗಳನ್ನು ತಿದ್ದಬಹುದೆಂಬುದು ಆಂಗಲ್ ಅವರ ಮೂಲ ಕಲ್ಪನೆ. ಇದಕ್ಕಾಗಿ ದುಬಾರಿಯಾದ ಚಿನ್ನದ ಬದಲು ಜರ್ಮನ್ ಸಿಲ್ವರ್ ಎಂಬ ಮಿಶ್ರಲೋಹವನ್ನು ಬಳಸಿದರು. ಹೆಸರಿನಲ್ಲಿ ಬೆಳ್ಳಿಯಿದ್ದರೂ ಅದರಲ್ಲಿರುವುದು ತಾಮ್ರ, ನಿಕ್ಕಲ್ ಮತ್ತು ಸತು. ಬಾಯಿಯಲ್ಲಿ ಬೇಗ ಮಾಸುವ ಈ ಲೋಹದ ಬಗ್ಗೆಯೂ ಟೀಕೆಗಳು ಬಂದವು. ಆದರೂ ಸುಲಭವಾಗಿ ಬೆಸೆಯಬಹುದಾದ, ಅಗ್ಗದ ಲೋಹವಾದ್ದರಿಂದ ಸಾಮಾನ್ಯ ದಂತವೈದ್ಯರ ಕೈಗೂ ಈ ಚಿಕಿತ್ಸೆ ಎಟುಕುವಂತಾಯಿತು. ಮುಂದಿನ ವರ್ಷಗಳಲ್ಲಿ ಆಂಗಲ್ ತಮ್ಮ ಉಪಕರಣಗಳಿಗೆ ಒಂದರ ಮೇಲೊಂದು ಪೇಟೆಂಟ್ ಪಡೆಯುತ್ತ ಹೋದರು. ವೈದ್ಯನಾದವನು ಪೇಟೆಂಟ್ ಪಡೆಯುವುದು ಸಲ್ಲದೆಂದು ಭಾವಿಸಿದ್ದ ಸಮಕಾಲೀನರಿಗೆ ಇದು ಹಿಡಿಸಲಿಲ್ಲ. ಒಡೆದ ದವಡೆಯ ಮೂಳೆಯನ್ನು ಕೂಡಿಸಲು ಮೇಲಿನ ಮತ್ತು ಕೆಳಗಿನ ಹಲ್ಲುಗಳನ್ನು ಪಟ್ಟಿ–ತಂತಿಗಳಿಂದ ಒಟ್ಟಿಗೆ ಬಿಗಿಯುವ ಅವರ ವಿಧಾನವೂ ಇದೇ ಕಾಲದ್ದು.

1892ರಲ್ಲಿ ವಿಶ್ವವಿದ್ಯಾಲಯದ ಹುದ್ದೆಯನ್ನು ತೊರೆದ ಆಂಗಲ್, ಹಲ್ಲು ಕೀಳುವುದು, ತುಂಬುವುದು ಮೊದಲಾದ ಎಲ್ಲ ಕೆಲಸಗಳನ್ನೂ ಬಿಟ್ಟು ತಮ್ಮ ವೃತ್ತಿಯನ್ನು ವಕ್ರದಂತ ಚಿಕಿತ್ಸೆಯೊಂದಕ್ಕೇ ಮೀಸಲಿಟ್ಟರು. ಆ ಕಾಲಕ್ಕೆ ಇದು ಸಾಹಸವೇ ಸರಿ. ಮುಂದೆ ಷಿಕಾಗೋ ಬಳಿಯ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿಯೂ ಸೇಂಟ್ ಲೂಯಿಸ್ ನಗರದ ಕಾಲೇಜುಗಳಲ್ಲಿಯೂ ಬೋಧಿಸಿದರು.

ದವಡೆ ಹಲ್ಲು ಎಂಬ ಕೀಲಿಕೈ

1899ರಲ್ಲಿ ಡೆಂಟಲ್ ಕಾಸ್ಮಾಸ್ ಪತ್ರಿಕೆಯಲ್ಲಿ ಪ್ರಕಟವಾದ ಲೇಖನದಲ್ಲಿ ಆಂಗಲ್ ತಮ್ಮ ವರ್ಗೀಕರಣವನ್ನು ಮುಂದಿಟ್ಟರು. ಆರನೆಯ ವಯಸ್ಸಿನ ಸುಮಾರಿಗೆ, ಯಾವ ಹಾಲುಹಲ್ಲೂ ಬೀಳದೆಯೇ ಹಿಂಬದಿಯಲ್ಲಿ ಮೂಡುವ ಮೊದಲ ಶಾಶ್ವತ ದವಡೆ ಹಲ್ಲನ್ನು ಅವರು ಇಡೀ ಬಾಯಿಯ ಕೀಲಿಕೈ ಎಂದು ಭಾವಿಸಿದರು. ಸಹಜ ಸ್ಥಿತಿಯಲ್ಲಿ, ಮೇಲಿನ ಈ ಹಲ್ಲಿನ ಕೆನ್ನೆ ಬದಿಯ ಮುಂದಿನ ಮೊನೆಯು ಕೆಳಗಿನ ಅದೇ ಹಲ್ಲಿನ ಕೆನ್ನೆ ಬದಿಯ ತೋಡಿನಲ್ಲಿ ಕೂರುತ್ತದೆ. ಈ ಸಂಬಂಧ ಸರಿಯಿದ್ದೂ ಉಳಿದ ಹಲ್ಲುಗಳು ಮಾತ್ರ ಸಾಲು ತಪ್ಪಿದ್ದರೆ ಅದು ಒಂದನೆಯ ವರ್ಗ. ಕೆಳಗಿನ ಹಲ್ಲು ಇರಬೇಕಾದುದಕ್ಕಿಂತ ಹಿಂದಿದ್ದರೆ ಎರಡನೆಯ ವರ್ಗ; ಮುಂದಿದ್ದರೆ ಮೂರನೆಯ ವರ್ಗ. ಎರಡನೆಯ ವರ್ಗದಲ್ಲಿ ಮೇಲಿನ ಬಾಚಿಹಲ್ಲುಗಳು ಮುಂದಕ್ಕೆ ಚಾಚಿಕೊಂಡಿದ್ದರೆ ಒಂದು ಉಪವಿಭಾಗ, ಒಳಕ್ಕೆ ವಾಲಿದ್ದರೆ ಇನ್ನೊಂದು. ನಾವು ಉಬ್ಬುಹಲ್ಲು ಎನ್ನುವವುಗಳಲ್ಲಿ ಬಹುಪಾಲು ಎರಡನೆಯ ವರ್ಗದ ಮೊದಲ ಉಪವಿಭಾಗಕ್ಕೆ ಸೇರುತ್ತವೆ. ಕೆಳದವಡೆ ಮುಂಚಾಚಿದ ಮುಖ ಮೂರನೆಯದಕ್ಕೆ.

ಈ ವಿಂಗಡಣೆಯ ಬಲವಿರುವುದು ಅದರ ಸರಳತೆಯಲ್ಲಿ. ದೂರದ ಎರಡು ಊರುಗಳ ವೈದ್ಯರು ಒಂದೇ ಮಾತಿನಲ್ಲಿ ರೋಗಿಯ ಬಾಯಿಯನ್ನು ಪರಸ್ಪರ ವಿವರಿಸುವುದು ಇದರಿಂದ ಮೊದಲ ಬಾರಿಗೆ ಸಾಧ್ಯವಾಯಿತು. ಮಿತಿಗಳೂ ಇವೆ. ಹಿಂದು–ಮುಂದಿನ ಸಂಬಂಧವನ್ನಷ್ಟೇ ಇದು ಗಣಿಸುತ್ತದೆ. ಎತ್ತರ ಮತ್ತು ಅಗಲದ ದೋಷಗಳಿಗೆ ಇಲ್ಲಿ ಸ್ಥಾನವಿಲ್ಲ. ದೋಷ ಹಲ್ಲಿನದೋ ಅದರಡಿಯ ಮೂಳೆಯದೋ ಎಂಬುದನ್ನೂ ಹೇಳುವುದಿಲ್ಲ. ಮೇಲಿನ ದವಡೆ ಹಲ್ಲು ಅಚಲವಾದುದು ಎಂಬ ಆಂಗಲ್ ಅವರ ಗ್ರಹಿಕೆಯನ್ನು ಮುಂದಿನ ಸಂಶೋಧಕರು ಒಪ್ಪಲಿಲ್ಲ. ತಲೆಬುರುಡೆಯ ಕ್ಷ-ಕಿರಣ ಚಿತ್ರವನ್ನು ನಿಗದಿತ ಅಳತೆಯಲ್ಲಿ ತೆಗೆಯುವ ಕ್ರಮವನ್ನು ಅವರದೇ ಶಿಷ್ಯ ಹಾಲಿ ಬ್ರಾಡ್‌ಬೆಂಟ್ 1931ರಲ್ಲಿ ಪ್ರಕಟಿಸಿದ ಮೇಲೆ ಮೂಳೆಯ ಪಾತ್ರ ಸ್ಪಷ್ಟವಾಗತೊಡಗಿತು. ಗುರು ಅದನ್ನು ಕಾಣಲು ಉಳಿದಿರಲಿಲ್ಲ.

ಶಾಲೆ, ಸಂಘ, ಪತ್ರಿಕೆ

ಸಾಮಾನ್ಯ ದಂತವೈದ್ಯದ ಪಠ್ಯದ ಮೂಲೆಯಲ್ಲಿ ಕೆಲವು ಗಂಟೆಗಳ ಪಾಠವಾಗಿ ತಮ್ಮ ವಿಷಯ ಉಳಿಯುವುದು ಆಂಗಲ್ ಅವರಿಗೆ ಸಹ್ಯವಾಗಲಿಲ್ಲ. ಪ್ರತ್ಯೇಕ ವಿಭಾಗ ತೆರೆಯಲು ವಿಶ್ವವಿದ್ಯಾಲಯಗಳು ಮುಂದಾಗದಿದ್ದಾಗ 1900ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ತಮ್ಮದೇ ಶಾಲೆಯನ್ನು ಸ್ಥಾಪಿಸಿದರು. ವಕ್ರದಂತ ಚಿಕಿತ್ಸೆಯೊಂದನ್ನೇ ಕಲಿಸಿದ ಮೊದಲ ಶಾಲೆ ಇದು. ಆರಂಭದಲ್ಲಿ ಪಾಠಕ್ರಮ ಕೆಲವು ವಾರಗಳದ್ದಷ್ಟೇ. ಅದೇ ಸುಮಾರಿಗೆ ಅಮೆರಿಕದ ವಕ್ರದಂತ ಚಿಕಿತ್ಸಕರ ಸಂಘವೂ ರೂಪುಗೊಂಡು, 1901ರಲ್ಲಿ ಅದರ ಮೊದಲ ವಾರ್ಷಿಕ ಸಭೆ ಸೇಂಟ್ ಲೂಯಿಸ್‌ನಲ್ಲಿ ನಡೆಯಿತು. ಆಂಗಲ್ ಅದರ ಪ್ರಥಮ ಅಧ್ಯಕ್ಷರು. ಇಂದಿನ ಅಮೆರಿಕನ್ ಅಸೋಸಿಯೇಷನ್ ಆಫ್ ಆರ್ಥೊಡಾಂಟಿಸ್ಟ್ಸ್ ಎಂಬ ಸಂಸ್ಥೆ ಅದರ ಮುಂದುವರಿದ ರೂಪ. 1907ರಲ್ಲಿ ಈ ವಿಷಯಕ್ಕೇ ಮೀಸಲಾದ ಮೊದಲ ಪತ್ರಿಕೆ ಹೊರಬಂದಿತು. ಅದೇ ವರ್ಷ ಅವರ ಪಠ್ಯಗ್ರಂಥದ ಏಳನೆಯ ಆವೃತ್ತಿಯೂ ಪ್ರಕಟವಾಯಿತು.

ಗುರುವಾಗಿ ಆಂಗಲ್ ಕಠಿಣರು. ತಮ್ಮ ಶಿಷ್ಯರಾದವರು ಸಾಮಾನ್ಯ ದಂತವೈದ್ಯವನ್ನು ಸಂಪೂರ್ಣವಾಗಿ ತ್ಯಜಿಸಬೇಕೆಂದು ಅವರು ಬಯಸುತ್ತಿದ್ದರು. ಭಿನ್ನಾಭಿಪ್ರಾಯವನ್ನು ಸಹಿಸುವ ಗುಣ ಅವರಲ್ಲಿ ಕಡಿಮೆ. ನಿಕಟರಾಗಿದ್ದ ಹಲವರು ಕಾಲಕ್ರಮದಲ್ಲಿ ದೂರವಾದರು. ಆದರೆ ಬೋಧಕರನ್ನು ಆರಿಸುವಲ್ಲಿ ಅವರ ದೃಷ್ಟಿ ವಿಶಾಲವಾಗಿತ್ತು. ಅಂಗಾಂಶಶಾಸ್ತ್ರಕ್ಕೆ ಫ್ರೆಡರಿಕ್ ನಾಯ್ಸ್ ಬಂದರು. ಮುಖದ ಸೌಂದರ್ಯದ ಪಾಠಕ್ಕೆ ಸೇಂಟ್ ಲೂಯಿಸ್‌ನ ಕಲಾವಿದ ಎಡ್ಮಂಡ್ ವೂರ್ಪೆಲ್ ಅವರನ್ನು ಕರೆಸಿದರು. ಗ್ರೀಕ್ ದೇವತೆ ಅಪೊಲೊನ ಪ್ರಸಿದ್ಧ ಶಿಲ್ಪದ ಮುಖವೇ ಆದರ್ಶ, ಎಲ್ಲ ಮುಖಗಳನ್ನೂ ಅದರ ಹತ್ತಿರಕ್ಕೆ ತರಬಹುದು ಎಂದು ಆಂಗಲ್ ಒಂದು ಕಾಲದಲ್ಲಿ ನಂಬಿದ್ದರು. ಸೌಂದರ್ಯಕ್ಕೆ ಒಂದೇ ಅಚ್ಚಿಲ್ಲ, ಪ್ರತಿ ಮುಖಕ್ಕೂ ಅದರದೇ ಆದ ಸಮತೋಲವಿದೆ ಎಂಬುದನ್ನು ಮನಗಾಣಿಸಿದವರು ವೂರ್ಪೆಲ್. ಹಟಮಾರಿ ಎನಿಸಿಕೊಂಡ ವ್ಯಕ್ತಿ ಒಬ್ಬ ಚಿತ್ರಕಾರನ ಮಾತಿಗೆ ತಲೆಬಾಗಿದ್ದು ಗಮನಾರ್ಹ.

ಶಾಲೆಯ ಬೆನ್ನೆಲುಬಾಗಿದ್ದವರು ಅನಾ ಹಾಪ್ಕಿನ್ಸ್. ಆಂಗಲ್ ಅವರ ಕಾರ್ಯದರ್ಶಿಯಾಗಿ ಸೇರಿದ ಈಕೆ, ಅಯೋವಾ ವಿಶ್ವವಿದ್ಯಾಲಯದಲ್ಲಿ ಓದಿ 1902ರಲ್ಲಿ ತಾವೇ ದಂತವೈದ್ಯರಾಗಿ ಮರಳಿದರು. ಪತ್ರವ್ಯವಹಾರ, ಗ್ರಂಥಸಿದ್ಧತೆ, ಬೋಧನೆ ಎಲ್ಲದರಲ್ಲಿಯೂ ಅವರ ಪಾಲಿತ್ತು. ಆಂಗಲ್ ಅವರ ಮೊದಲ ವಿವಾಹ ವಿಚ್ಛೇದನದಲ್ಲಿ ಕೊನೆಗೊಂಡ ಬಳಿಕ 1908ರಲ್ಲಿ ಇಬ್ಬರೂ ವಿವಾಹವಾದರು. ಶಿಷ್ಯವರ್ಗ ಈಕೆಯನ್ನು ತಾಯಿ ಎಂದೇ ಕರೆಯುತ್ತಿತ್ತು. ಆಂಗಲ್ ಅವರ ಹೆಸರಿನಲ್ಲಿ ಬಂದ ಕೃತಿಗಳಲ್ಲಿ ಅನಾ ಅವರ ಶ್ರಮ ಎಷ್ಟೆಂಬುದು ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯವಾದ ವಿಷಯ.

ಹಲ್ಲು ಕೀಳುವ ವಿವಾದ

ಆಂಗಲ್ ಅವರ ಬೋಧನೆಯ ತಿರುಳು ಒಂದೇ: ಪ್ರಕೃತಿ ಕೊಟ್ಟ 32 ಹಲ್ಲುಗಳಲ್ಲಿ ಯಾವುದನ್ನೂ ಕೀಳಬಾರದು. ಎಲ್ಲ ಹಲ್ಲುಗಳೂ ತಮ್ಮ ತಮ್ಮ ಸ್ಥಾನದಲ್ಲಿ ನಿಂತು ಸರಿಯಾಗಿ ಕಚ್ಚಿಕೊಂಡಾಗ ಮಾತ್ರ ಮುಖಕ್ಕೆ ಅದರ ಪೂರ್ಣ ಸಮತೋಲ ಒದಗುತ್ತದೆ ಎಂಬುದು ಅವರ ನಿಲುವು. ಹಲ್ಲುಗಳ ಜೋಡಣೆ ನಿರ್ದೋಷವಾಗಿದ್ದ ತಲೆಬುರುಡೆಯೊಂದನ್ನು, ಅಮೆರಿಕನ್ನರು ತಮ್ಮ ರಾಷ್ಟ್ರಧ್ವಜವನ್ನು ಪ್ರೀತಿಯಿಂದ ಕರೆಯುವ ಓಲ್ಡ್ ಗ್ಲೋರಿ ಎಂಬ ಹೆಸರಿನಿಂದಲೇ ಕರೆದು ಆದರ್ಶವಾಗಿ ತೋರಿಸುತ್ತಿದ್ದರು. ದವಡೆ ಕಿರಿದಾಗಿದ್ದರೆ ಅದನ್ನು ಹಿಗ್ಗಿಸಬೇಕು. ಹಲ್ಲುಗಳು ಸರಿಯಾಗಿ ಕೆಲಸ ಮಾಡತೊಡಗಿದರೆ ಅವುಗಳ ಸುತ್ತ ಮೂಳೆ ತಾನಾಗಿಯೇ ಬೆಳೆಯುತ್ತದೆ ಎಂದು ಅವರು ನಂಬಿದ್ದರು. ಹೊರೆಗೆ ತಕ್ಕಂತೆ ಮೂಳೆ ತನ್ನ ರಚನೆಯನ್ನು ಬದಲಿಸಿಕೊಳ್ಳುತ್ತದೆಂಬ ಜರ್ಮನಿಯ ಜೂಲಿಯಸ್ ವೋಲ್ಫ್ ಅವರ ಸಿದ್ಧಾಂತ ಈ ನಂಬಿಕೆಗೆ ಬಲ ಕೊಟ್ಟಿತ್ತು.

ಷಿಕಾಗೋದ ಕ್ಯಾಲ್ವಿನ್ ಕೇಸ್ ಇದನ್ನು ವಿರೋಧಿಸಿದರು. ಹಲ್ಲಿನ ಗಾತ್ರವೂ ದವಡೆಯ ಗಾತ್ರವೂ ಆನುವಂಶಿಕವಾಗಿ ಹೊಂದದೆ ಬರಬಹುದು. ಅಂಥ ಕೆಲವರಲ್ಲಿ ಹಲ್ಲು ಕೀಳದಿದ್ದರೆ ಮುಖ ಉಬ್ಬಿಕೊಳ್ಳುತ್ತದೆ, ತಿದ್ದಿದ ಹಲ್ಲುಗಳು ಮತ್ತೆ ಸೊಟ್ಟಗಾಗುತ್ತವೆ ಎಂಬುದು ಅವರ ವಾದ. 1911ರಲ್ಲಿ ಈ ಚರ್ಚೆ ಬಹಿರಂಗ ಸಭೆಯಲ್ಲಿ ನಡೆದಾಗ ಆಂಗಲ್ ಪಕ್ಷವನ್ನು ವಹಿಸಿ ವಾದಿಸಿದವರಲ್ಲಿ ಅವರ ಶಿಷ್ಯ ಮಾರ್ಟಿನ್ ಡ್ಯೂಯಿ ಪ್ರಮುಖರು. ವಾದ ಕಟುವಾಗಿತ್ತು. ಆ ಹೊತ್ತಿಗೆ ಗೆದ್ದದ್ದು ಆಂಗಲ್ ಪಂಥವೇ. ಮುಂದಿನ ಸುಮಾರು ಮೂರು ದಶಕಗಳ ಕಾಲ ಅಮೆರಿಕದ ವಕ್ರದಂತ ಚಿಕಿತ್ಸಕರು ಹಲ್ಲು ಕೀಳುವುದನ್ನು ಹೆಚ್ಚುಕಡಿಮೆ ನಿಷಿದ್ಧವೆಂದೇ ಪರಿಗಣಿಸಿದರು. ಕೇಸ್ ಅವರ ಮಾತಿನಲ್ಲಿ ಹುರುಳಿತ್ತು ಎಂಬುದು ಮುಂದೆ ರುಜುವಾತಾಯಿತು.

ನಾಲ್ಕು ಉಪಕರಣಗಳು

ಆಂಗಲ್ ಅವರ ಉಪಕರಣಗಳನ್ನು ಅರಿಯಲು, ಹಲ್ಲು ಹೇಗೆ ಚಲಿಸುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಹಲ್ಲು ಗೋಡೆಗೆ ಹೊಡೆದ ಮೊಳೆಯಂತೆ ಮೂಳೆಯಲ್ಲಿ ಹುದುಗಿಲ್ಲ. ಬೇರಿಗೂ ಮೂಳೆಗೂ ನಡುವೆ ತೆಳುವಾದ ನಾರಿನ ಪೊರೆಯಿದೆ. ಹಲ್ಲನ್ನು ಒಂದು ದಿಕ್ಕಿಗೆ ಮೆಲ್ಲಗೆ ಒತ್ತುತ್ತಿದ್ದರೆ, ಒತ್ತಡ ಬೀಳುವ ಬದಿಯಲ್ಲಿ ಮೂಳೆಯನ್ನು ಕರಗಿಸುವ ಜೀವಕೋಶಗಳೂ, ನಾರು ಎಳೆಯಲ್ಪಡುವ ಎದುರು ಬದಿಯಲ್ಲಿ ಹೊಸ ಮೂಳೆ ಕಟ್ಟುವ ಜೀವಕೋಶಗಳೂ ಚುರುಕಾಗುತ್ತವೆ. ಹೀಗೆ ಹಲ್ಲು ತನ್ನ ಗೂಡಿನೊಂದಿಗೇ ಸರಿಯುತ್ತದೆ. ವೇಗ ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್. ಅವಸರದಿಂದ ಬಲವಾಗಿ ಒತ್ತಿದರೆ ಪೊರೆಗೆ ರಕ್ತ ಹರಿಯುವುದು ನಿಂತು, ಚಲನೆಯೂ ನಿಲ್ಲುತ್ತದೆ.

ಇನ್ನೊಂದು ತೊಡಕು ಆಧಾರದ್ದು. ಒಂದು ಹಲ್ಲನ್ನು ಎಳೆಯಬೇಕಾದರೆ ಮತ್ತೊಂದನ್ನು ಊರಿಕೊಳ್ಳಬೇಕು. ಅಂಬಿಗನು ಗಳುವನ್ನು ಹೊಳೆಯ ತಳಕ್ಕೆ ಊರಿ ದೋಣಿಯನ್ನು ತಳ್ಳುವಾಗ ತಳ ಮೆತ್ತಗಿದ್ದರೆ ಗಳುವೇ ಹೂತುಹೋಗುತ್ತದೆ. ಹಾಗೆಯೇ ಆಧಾರದ ಹಲ್ಲೂ ತನ್ನ ಜಾಗ ಬಿಟ್ಟು ಮುಂದಕ್ಕೆ ಬರುತ್ತದೆ. ಒಂದು ದವಡೆಯ ಆಧಾರವನ್ನು ಮತ್ತೊಂದು ದವಡೆಯಿಂದ ಪಡೆಯುವ ರಬ್ಬರ್ ಸುರುಳಿಗಳ ಉಪಾಯವನ್ನು ಹೆನ್ರಿ ಬೇಕರ್ ಎಂಬವರು ಬಳಸಿದ್ದರು. ಆಂಗಲ್ ಅದನ್ನು ತಮ್ಮ ಪದ್ಧತಿಗೆ ಅಳವಡಿಸಿಕೊಂಡು ಬೇಕರ್ ಅವರ ಹೆಸರಿನಿಂದಲೇ ಕರೆದರು. ಕೀರ್ತಿಯ ವಿಷಯದಲ್ಲಿ ಬಿಗಿಯಾಗಿದ್ದ ಅವರು ಇಲ್ಲಿ ಔದಾರ್ಯ ತೋರಿದ್ದಾರೆ.

ಅವರ ಮೊದಲ ಮುಖ್ಯ ಉಪಕರಣ ಇ-ಆರ್ಚ್. ಹಿಂಬದಿಯ ದವಡೆ ಹಲ್ಲುಗಳಿಗೆ ಲೋಹದ ಪಟ್ಟಿಗಳನ್ನು ತೊಡಿಸಿ, ಅವುಗಳಿಗೆ ಬೆಸೆದ ಕೊಳವೆಗಳಲ್ಲಿ ದಪ್ಪನೆಯ ಕಮಾನುತಂತಿಯೊಂದರ ಎರಡೂ ತುದಿಗಳನ್ನು ತೂರಿಸುತ್ತಿದ್ದರು. ತುದಿಗಳಲ್ಲಿ ತಿರುಪಿನ ಗೀರುಗಳಿದ್ದು, ನಟ್ಟನ್ನು ತಿರುಗಿಸಿದಂತೆ ಕಮಾನು ಮುಂದಕ್ಕೆ ಹಿಗ್ಗುತ್ತಿತ್ತು. ಸಾಲು ತಪ್ಪಿದ ಹಲ್ಲುಗಳನ್ನು ಹಿತ್ತಾಳೆಯ ಸಣ್ಣ ತಂತಿಗಳಿಂದ ಕಮಾನಿಗೆ ಕಟ್ಟಿ ಎಳೆಯಲಾಗುತ್ತಿತ್ತು. ಇದು ಸರಳ, ಜನಪ್ರಿಯ. ಆದರೆ ಹಲ್ಲಿನ ತಲೆಯನ್ನಷ್ಟೇ ಇದು ವಾಲಿಸಬಲ್ಲುದಾಗಿತ್ತು. ಬೇರು ಇದ್ದಲ್ಲಿಯೇ ಉಳಿಯುತ್ತಿತ್ತು. ವಾಲಿದ ಹಲ್ಲು ಬಿಟ್ಟೊಡನೆ ಹಿಂದಿರುಗುತ್ತಿತ್ತು.

ಬೇರನ್ನೂ ಚಲಿಸುವ ಪ್ರಯತ್ನವೇ 1910ರ ಆಸುಪಾಸಿನ ಪಿನ್ ಮತ್ತು ಟ್ಯೂಬ್ ಉಪಕರಣ. ಪ್ರತಿ ಹಲ್ಲಿಗೂ ಪಟ್ಟಿ, ಪಟ್ಟಿಯ ಮೇಲೆ ನಿಲುವಾದ ಪುಟ್ಟ ಕೊಳವೆ. ಕಮಾನುತಂತಿಗೆ ಬೆಸೆದ ಸೂಜಿಗಾತ್ರದ ಪಿನ್ನುಗಳು ಆ ಕೊಳವೆಗಳಲ್ಲಿ ಇಳಿಯಬೇಕು. ಹಲ್ಲು ಸ್ವಲ್ಪ ಸರಿದೊಡನೆ ಪಿನ್ನುಗಳನ್ನು ಕಿತ್ತು ಹೊಸ ಜಾಗದಲ್ಲಿ ಮತ್ತೆ ಬೆಸೆಯಬೇಕು. ಪ್ರತಿ ಭೇಟಿಯಲ್ಲಿಯೂ ಅಕ್ಕಸಾಲಿಗನ ಕೆಲಸ. ತತ್ತ್ವದಲ್ಲಿ ಉತ್ತಮವಾದ ಈ ಉಪಕರಣವನ್ನು ನಿಭಾಯಿಸಬಲ್ಲವರು ಬೆರಳೆಣಿಕೆಯಷ್ಟು ಮಂದಿ ಮಾತ್ರ.

ಕೆಲವು ವರ್ಷಗಳ ನಂತರ ಬಂದ ರಿಬ್ಬನ್ ಆರ್ಚ್ ಒಂದು ಮಹತ್ವದ ತಿರುವು. ಇಲ್ಲಿ ಕೊಳವೆಯ ಬದಲು ನಿಲುವಾದ ಸೀಳುಳ್ಳ ಬ್ರಾಕೆಟ್ ಬಂದಿತು. ನಿಜವಾದ ಅರ್ಥದಲ್ಲಿ ಮೊದಲ ಬ್ರಾಕೆಟ್ ಇದೇ. ರಿಬ್ಬನ್ನಿನಂತೆ ಚಪ್ಪಟೆಯಾದ, 0.010 x 0.020 ಅಂಗುಲದ ಚಿನ್ನದ ಮಿಶ್ರಲೋಹದ ತಂತಿಯನ್ನು ಇದರಲ್ಲಿ ಕೂರಿಸಿ ಚಿಕ್ಕ ಪಿನ್ನಿನಿಂದ ಭದ್ರಪಡಿಸಲಾಗುತ್ತಿತ್ತು. ತಿರುಚಿದ ಹಲ್ಲುಗಳನ್ನು ನೇರಗೊಳಿಸುವುದರಲ್ಲಿ ಇದು ಸಮರ್ಥವಾಗಿತ್ತು. ಆದರೆ ಹಲ್ಲಿನ ಬೇರನ್ನು ಸಾಲಿನ ಉದ್ದಕ್ಕೆ ಹಿಂದು–ಮುಂದಾಗಿ ವಾಲಿಸುವ ಹಿಡಿತ ಇದಕ್ಕಿರಲಿಲ್ಲ.

ಕೊನೆಯದು ಎಡ್ಜ್‌ವೈಸ್. ಆಂಗಲ್ ಇದನ್ನು ರೂಪಿಸಿದ್ದು ತಮ್ಮ ಎಪ್ಪತ್ತನೆಯ ವಯಸ್ಸಿನ ಸುಮಾರಿಗೆ, 1925ರಲ್ಲಿ. ಬ್ರಾಕೆಟ್ಟಿನ ನಿಲುವಾದ ಸೀಳನ್ನು ಅಡ್ಡಲಾಗಿಸಿ, ಅದರ ಬಾಯಿ ತುಟಿಯ ಕಡೆಗೆ ತೆರೆಯುವಂತೆ ಮಾಡಿದರು. 0.022 x 0.028 ಅಂಗುಲದ, ಎಂದರೆ ಸುಮಾರು 0.56 x 0.71 ಮಿಲಿಮೀಟರಿನ, ಆಯತಾಕಾರದ ತಂತಿಯನ್ನು ಅದರ ಅಂಚು ಒಳಮುಖವಾಗಿರುವಂತೆ ಸೀಳಿನಲ್ಲಿ ಕೂರಿಸಿ ಹೊರಗಿನಿಂದ ಸಣ್ಣ ತಂತಿಯಿಂದ ಕಟ್ಟಿದರು. ಅಂಚಿನ ಕಡೆಯಿಂದ ಎಂಬ ಅರ್ಥದ ಈ ಹೆಸರು ಬಂದುದು ಹಾಗೆ. ದುಂಡನೆಯ ರಂಧ್ರದಲ್ಲಿ ದುಂಡನೆಯ ಸಲಾಕೆಯನ್ನು ತಿರುಗಿಸಿದರೆ ಅದು ಸುಮ್ಮನೆ ಸುತ್ತುತ್ತದೆ. ಚೌಕ ರಂಧ್ರದಲ್ಲಿ ಚೌಕ ಸಲಾಕೆಯನ್ನು ತಿರುಗಿಸಿದರೆ ರಂಧ್ರವುಳ್ಳ ವಸ್ತುವೇ ತಿರುಗಬೇಕು. ತಂತಿಯಲ್ಲಿ ಕೊಟ್ಟ ಸಣ್ಣ ತಿರುಚು ಬ್ರಾಕೆಟ್ಟಿನ ಮೂಲಕ ಹಲ್ಲಿನ ಬೇರಿನವರೆಗೆ ತಲುಪುವುದು ಇದೇ ನ್ಯಾಯದಿಂದ. ಹಲ್ಲನ್ನು ಒಳಹೊರಗೆ, ಮೇಲೆ ಕೆಳಗೆ, ಅಕ್ಕಪಕ್ಕ ವಾಲಿಸುವುದೂ, ಬೇರನ್ನು ಒಳಕ್ಕೋ ಹೊರಕ್ಕೋ ತಿರುಗಿಸುವುದೂ ಒಂದೇ ತಂತಿಯಿಂದ ಸಾಧ್ಯವಾಯಿತು. 1928ರಲ್ಲಿ ಡೆಂಟಲ್ ಕಾಸ್ಮಾಸ್‌ನಲ್ಲಿ ಇದರ ವಿವರಣೆ ಪ್ರಕಟವಾಗತೊಡಗಿತು.

ಇಂದಿನ ಲೋಹದ ಬ್ರೇಸಸ್ ಈ ವಿನ್ಯಾಸದ ನೇರ ಸಂತತಿ. ಬದಲಾಗಿರುವುದು ಬಹುಮಟ್ಟಿಗೆ ವಸ್ತುಗಳು. ಚಿನ್ನದ ಜಾಗಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಬಂದಿತು. ಆರಂಭದ ಹಂತದಲ್ಲಿ ಬಳಸುವ, ಎಷ್ಟು ಬಾಗಿಸಿದರೂ ಮೂಲ ಆಕಾರಕ್ಕೆ ಮರಳುವ ನಿಕ್ಕಲ್–ಟೈಟೇನಿಯಂ ತಂತಿ 1970ರ ದಶಕದ ಕೊಡುಗೆ. ಹಲ್ಲಿನ ಎನಾಮಲ್ಲನ್ನು ಆಮ್ಲದಿಂದ ಒರಟಾಗಿಸಿ ಅಂಟು ಹಿಡಿಸಬಹುದೆಂದು ಮೈಕೆಲ್ ಬ್ಯುವೊನೊಕೋರ್ 1955ರಲ್ಲಿ ತೋರಿಸಿದ ಮೇಲೆ, ಪ್ರತಿ ಹಲ್ಲಿಗೂ ಪಟ್ಟಿ ಸುತ್ತುವ ಅಗತ್ಯ ಕ್ರಮೇಣ ತಪ್ಪಿ, ಬ್ರಾಕೆಟ್ಟನ್ನು ನೇರವಾಗಿ ಹಲ್ಲಿನ ಮೇಲೆ ಅಂಟಿಸುವುದು ರೂಢಿಯಾಯಿತು. ಪಟ್ಟಿಗಳು ಈಗ ಬಹುಶಃ ಹಿಂಬದಿಯ ದವಡೆ ಹಲ್ಲುಗಳಲ್ಲಿ ಮಾತ್ರ ಕಾಣುತ್ತವೆ. ತಂತಿಯನ್ನು ಸೀಳಿನಲ್ಲಿ ಹಿಡಿದಿಡಲು ಬಣ್ಣಬಣ್ಣದ ರಬ್ಬರ್ ಉಂಗುರಗಳು ಬಂದಿವೆ. ಮಕ್ಕಳು ತಮಗೆ ಬೇಕಾದ ಬಣ್ಣ ಆರಿಸಿಕೊಳ್ಳುತ್ತಾರೆ. ಆಂಗಲ್ ಕಾಲದಲ್ಲಿ ಪ್ರತಿ ಹಲ್ಲಿಗೂ ತಂತಿಯನ್ನು ಬೇರೆ ಬೇರೆಯಾಗಿ ಬಾಗಿಸಬೇಕಿತ್ತು. 1970ರ ಸುಮಾರಿಗೆ ಲಾರೆನ್ಸ್ ಆ್ಯಂಡ್ರೂಸ್ ಆ ಬಾಗುಗಳನ್ನು ಬ್ರಾಕೆಟ್ಟಿನ ಒಳಗೇ ಅಡಕಗೊಳಿಸಿ, ನೇರ ತಂತಿಯಿಂದಲೇ ಕೆಲಸ ಸಾಗುವಂತೆ ಮಾಡಿದರು. 0.022 ಅಂಗುಲದ ಸೀಳು ಮಾತ್ರ ಇಂದಿಗೂ ಪ್ರಚಲಿತವಾಗಿರುವ ಎರಡು ಅಳತೆಗಳಲ್ಲಿ ಒಂದು, ಇನ್ನೊಂದು 0.018. ಆಂಗಲ್ ಆ ಅಗಲವನ್ನು ಗೊತ್ತುಮಾಡಿದ್ದು ಮೆದುವಾದ ಚಿನ್ನದ ತಂತಿಗಾಗಿ.

ಪಸಡೀನಾ ಮತ್ತು ಅಂತ್ಯಕಾಲ

ಶಾಲೆಯು ಆಂಗಲ್ ಅವರೊಡನೆಯೇ ಊರಿಂದೂರಿಗೆ ಸಾಗಿತು. ಸೇಂಟ್ ಲೂಯಿಸ್ ಬಿಟ್ಟು ನ್ಯೂಯಾರ್ಕ್, ಅಲ್ಲಿಂದ ಕನೆಕ್ಟಿಕಟ್ ರಾಜ್ಯದ ನ್ಯೂ ಲಂಡನ್. ಕೊನೆಗೆ ಆರೋಗ್ಯದ ದೃಷ್ಟಿಯಿಂದ ಬೆಚ್ಚಗಿನ ಹವೆಯ ಕ್ಯಾಲಿಫೋರ್ನಿಯಾದ ಪಸಡೀನಾ. ಅಲ್ಲಿ ಅವರು ವಿಶ್ರಾಂತ ಜೀವನ ಬಯಸಿದ್ದರೂ ಕಲಿಯಲು ಬಂದವರು ಬಿಡಲಿಲ್ಲ. 1920ರ ದಶಕದ ಆರಂಭದಲ್ಲಿ ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸಿ ಶಾಲೆಗೆ ಕಟ್ಟಡವನ್ನೇ ಕಟ್ಟಿಸಿಕೊಟ್ಟರು. 1927ರಲ್ಲಿ ಅದು ಮುಚ್ಚಿತು.

ಪಸಡೀನಾದ ಶಿಷ್ಯರಲ್ಲಿ ಇಬ್ಬರ ಹೆಸರು ಇಲ್ಲಿ ಹೇಳಲೇಬೇಕು. ಆಸ್ಟ್ರೇಲಿಯಾದ ರೇಮಂಡ್ ಬೆಗ್ ತಮ್ಮ ಊರಾದ ಅಡಿಲೇಡಿಗೆ ಮರಳಿ, 1928ರ ವೇಳೆಗೆ ಗುರುವಿನ ನಿಯಮವನ್ನು ಮೀರಿ ಹಲ್ಲು ಕೀಳತೊಡಗಿದರು. ಮುಂದೆ ರಿಬ್ಬನ್ ಆರ್ಚ್ ಬ್ರಾಕೆಟ್ಟನ್ನೇ ತಲೆಕೆಳಗಾಗಿಸಿ, ತೆಳುವಾದ ದುಂಡು ಉಕ್ಕಿನ ತಂತಿಯೊಡನೆ ಬಳಸಿ ತಮ್ಮದೇ ಪದ್ಧತಿಯನ್ನು ಕಟ್ಟಿದರು. ಇನ್ನೊಬ್ಬರು ಅರಿಜೋನಾದ ಚಾರ್ಲ್ಸ್ ಟ್ವೀಡ್. ಎಡ್ಜ್‌ವೈಸ್ ಲೇಖನದ ಸಿದ್ಧತೆಯಲ್ಲಿ ವೃದ್ಧ ಗುರುವಿಗೆ ನೆರವಾದ ಟ್ವೀಡ್, ಈ ಉಪಕರಣಕ್ಕೇ ಬಾಳನ್ನು ಮುಡಿಪಿಡುವುದಾಗಿ ಮಾತು ಕೊಟ್ಟಿದ್ದರು. ಅವರ ಪ್ರಯತ್ನದಿಂದ 1929ರಲ್ಲಿ ಅರಿಜೋನಾದಲ್ಲಿ ವಕ್ರದಂತ ಚಿಕಿತ್ಸೆಗೆ ವಿಶೇಷಜ್ಞರ ಪರವಾನಗಿಯನ್ನು ವಿಧಿಸುವ ಶಾಸನ ಜಾರಿಗೆ ಬಂದಿತು.

ಆಂಗಲ್ 1930ರ ಆಗಸ್ಟ್ 11ರಂದು ಕ್ಯಾಲಿಫೋರ್ನಿಯಾದ ಸ್ಯಾಂಟಾ ಮೋನಿಕಾದಲ್ಲಿ, ತಮ್ಮ 75ನೆಯ ವಯಸ್ಸಿನಲ್ಲಿ ನಿಧನರಾದರು. ಅದೇ ವರ್ಷ ಶಿಷ್ಯರು ಅವರ ಹೆಸರಿನ ಸಂಘವನ್ನು ಬಲಪಡಿಸಿದರು. 1931ರಲ್ಲಿ ದಿ ಆಂಗಲ್ ಆರ್ಥೊಡಾಂಟಿಸ್ಟ್ ಪತ್ರಿಕೆಯ ಮೊದಲ ಸಂಪುಟ ಹೊರಬಂದಿತು. ಅದು ಇಂದಿಗೂ ಪ್ರಕಟವಾಗುತ್ತಿದೆ.

ನಿಧನಾನಂತರ

ಮಾತಿಗೆ ತಪ್ಪದೆ ಟ್ವೀಡ್ ಆರು ವರ್ಷಗಳ ಕಾಲ ಒಂದು ಹಲ್ಲನ್ನೂ ಕೀಳದೆ ಚಿಕಿತ್ಸೆ ನಡೆಸಿದರು. ಬಳಿಕ ತಮ್ಮ ರೋಗಿಗಳನ್ನು ಮರಳಿ ಕರೆಸಿ ಪರಿಶೀಲಿಸಿದಾಗ, ಸಮಾಧಾನಕರವೆನ್ನಬಹುದಾದವರು ಕೆಲವರೇ ಎಂದು ಕಂಡುಬಂದಿತು. ಹಲವರ ಹಲ್ಲುಗಳು ಮತ್ತೆ ಸಾಲು ತಪ್ಪಿದ್ದವು. ಹಲವರ ತುಟಿಗಳು ಮುಂದಕ್ಕೆ ಉಬ್ಬಿದ್ದವು. ವಿಫಲರಾದ ರೋಗಿಗಳಲ್ಲಿ ನಾಲ್ಕು ಮುಂದವಡೆ ಹಲ್ಲುಗಳನ್ನು ಕಿತ್ತು, ಎಡ್ಜ್‌ವೈಸ್ ಉಪಕರಣದಿಂದಲೇ ಅವರು ಎರಡನೆಯ ಬಾರಿ ಚಿಕಿತ್ಸೆ ನೀಡಿದರು. 1940ರಲ್ಲಿ ಇಂಥ 100 ರೋಗಿಗಳ ಎರಡೂ ಚಿಕಿತ್ಸೆಗಳ ದಾಖಲೆಗಳನ್ನು ಸಹವೃತ್ತಿಗಳ ಮುಂದೆ ಇರಿಸಿದಾಗ, ಗುರುದ್ರೋಹವೆಂದು ಬಗೆದವರೂ ಇದ್ದರು. ಆದರೆ ದಾಖಲೆಗಳನ್ನು ಅಲ್ಲಗಳೆಯುವುದು ಸುಲಭವಾಗಿರಲಿಲ್ಲ. ಗುರುವಿನ ಸಿದ್ಧಾಂತವನ್ನು ಕೆಡವಲು ಬಳಕೆಯಾದದ್ದು ಗುರುವಿನದೇ ಉಪಕರಣ ಎಂಬುದು ಈ ಪ್ರಕರಣದ ವಿಶೇಷ. ಹಲ್ಲು ಕೀಳದೆ ಖಾಲಿ ಜಾಗವೇ ಇರದು. ಖಾಲಿ ಜಾಗವನ್ನು ಬೇರುಸಹಿತ ಹಲ್ಲುಗಳನ್ನು ಸರಿಸಿ ಮುಚ್ಚಲು ಎಡ್ಜ್‌ವೈಸ್‌ನಷ್ಟು ಸಮರ್ಥವಾದ ಉಪಕರಣ ಆಗ ಇರಲಿಲ್ಲ.

ಮುಂದಿನ ದಶಕಗಳಲ್ಲಿ ಹಲ್ಲು ಕೀಳುವುದು ಅತಿಯಾಯಿತೆಂಬ ದೂರು ಬಂದು, ಲೋಲಕ ಮತ್ತೆ ಇನ್ನೊಂದು ಕಡೆಗೆ ವಾಲಿತು. ಈಗ ಪ್ರತಿ ರೋಗಿಯ ಹಲ್ಲು, ಮೂಳೆ ಮತ್ತು ಮುಖದ ಅಳತೆಗಳನ್ನು ನೋಡಿ ನಿರ್ಧರಿಸುವುದು ರೂಢಿ. ಕರ್ನಾಟಕವೂ ಸೇರಿದಂತೆ ಭಾರತದ ದಂತವೈದ್ಯ ಕಾಲೇಜುಗಳಲ್ಲಿ ಆಂಗಲ್ ವರ್ಗೀಕರಣ ಪದವಿ ತರಗತಿಯ ಪಾಠವಾಗಿದೆ. ವಿದ್ಯಾರ್ಥಿಯು ರೋಗಿಯ ಕೆನ್ನೆಯನ್ನು ಬದಿಗೆ ಸರಿಸಿ, ಮೇಲಿನ ಮೊದಲ ದವಡೆ ಹಲ್ಲಿನ ಮೊನೆ ಕೆಳಗಿನ ಹಲ್ಲಿನ ಯಾವ ಭಾಗದ ಮೇಲೆ ಕೂರುತ್ತಿದೆ ಎಂದು ನೋಡಿ ಒಂದು, ಎರಡು ಅಥವಾ ಮೂರು ಎಂದು ಬರೆದುಕೊಳ್ಳುತ್ತಾನೆ.